ಬೇಳೆಯನ್ನೂ ಬಿಡಬೇಡಿ, ಮಾತ್ರೆಯನ್ನೂ ಬಿಡಬೇಡಿ: ಯೂರಿಕ್ ಆಸಿಡ್ ಹೆಚ್ಚಿರುವವರಿಗೆ ಕಿವಿಮಾತು

ಯೂರಿಕ್ ಆಸಿಡ್ ಜಾಸ್ತಿ ಅಂತ ರಿಪೋರ್ಟ್ ಬಂದ ಮನೆಯಲ್ಲಿ ಮೊದಲು ನಿಲ್ಲುವುದು ತೊಗರಿಬೇಳೆ. ಆಮೇಲೆ ಟೊಮೆಟೊ, ಪಾಲಕ್, ಹುರುಳಿ, ಅವರೆ. ಸ್ವಲ್ಪ ದಿನದಲ್ಲೇ ಆ ಮನುಷ್ಯನ ತಟ್ಟೆಯಲ್ಲಿ ಅನ್ನ, ನೀರುಮಜ್ಜಿಗೆ, ಉಪ್ಪಿನಕಾಯಿ ಇಷ್ಟೇ ಉಳಿದಿರುತ್ತದೆ. ಇನ್ನೊಂದು ಕಡೆ, ನಿಜವಾಗಿಯೂ ಗೌಟ್ ಎಂಬ ಕೀಲುರೋಗ ಬಂದು ಹೆಬ್ಬೆರಳು ಊದಿಸಿಕೊಂಡು ಮಲಗಿದವರು ನೋವು ಇಳಿದ ಕೂಡಲೇ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕಿಟಕಿಯ ಹಿಂದೆ ಕೂತು ಸರ್ವೀಸು ಮುಗಿಸಿದವಳು ನಾನು. ಈ ಎರಡು ಬಗೆಯವರನ್ನೂ ಕೊನೆಯ ದಿನದವರೆಗೂ ನೋಡಿದ್ದೇನೆ. ನಮ್ಮ ಯಜಮಾನರಿಗೂ ಗೌಟ್ ಇರುವುದರಿಂದ ಅಡುಗೆಮನೆಯ ಕಡೆಯಿಂದಲೂ ಇದರ ಕಷ್ಟ ಗೊತ್ತು. ನೆಂಟರಿಷ್ಟರ ಮಕ್ಕಳು ಫೋನ್ ಮಾಡಿ ಕೇಳಿದಾಗ ಹೇಳುವ ಮಾತುಗಳನ್ನೇ ಇಲ್ಲಿ ಬರೆದಿಟ್ಟಿದ್ದೇನೆ. ನಿಮ್ಮ ಡಾಕ್ಟರು ಹೇಳಿದ್ದರ ಜೊತೆಗಿಟ್ಟು ಓದಿಕೊಳ್ಳಿ.

• ಇದು ಎಲ್ಲಿಂದ ಬರುತ್ತದೆ ಅಂತ ಮೊದಲು ತಿಳಿದುಕೊಳ್ಳಿ. ನಮ್ಮ ಮೈಯ ಜೀವಕೋಶಗಳಲ್ಲೆಲ್ಲ ಪ್ಯೂರಿನ್ ಎಂಬ ವಸ್ತು ಇದೆ. ಹಳೆಯ ಕೋಶ ಸತ್ತು ಹೊಸದು ಹುಟ್ಟುವಾಗ ಆ ಪ್ಯೂರಿನ್ ಒಡೆದು ಕೊನೆಗೆ ಉಳಿಯುವುದೇ ಯೂರಿಕ್ ಆಸಿಡ್. ಊಟದಿಂದ ಬರುವುದು ಸುಮಾರು ಮೂರರಲ್ಲಿ ಒಂದು ಪಾಲು. ಮಿಕ್ಕ ಎರಡು ಪಾಲು ಮೈಯೊಳಗೇ ತಯಾರಾಗುತ್ತದೆ. ಹೊರಗೆ ಹೋಗುವುದು ಹೆಚ್ಚಾಗಿ ಕಿಡ್ನಿಯ ದಾರಿಯಲ್ಲಿ, ಉಳಿದದ್ದು ಕರುಳಿನ ದಾರಿಯಲ್ಲಿ. ಬಹುತೇಕ ಸಸ್ತನಿ ಪ್ರಾಣಿಗಳಿಗೆ ಇದನ್ನು ಇನ್ನೂ ಒಡೆದು ಸಲೀಸಾಗಿ ಕರಗಿಸುವ ಯೂರಿಕೇಸ್ ಎಂಬ ಕಿಣ್ವ ಇದೆ, ಮನುಷ್ಯರಿಗೆ ಇಲ್ಲ. ಹೆಚ್ಚಿನವರಲ್ಲಿ ಇದು ಏರುವುದಕ್ಕೆ ಮುಖ್ಯ ಕಾರಣ ಕಿಡ್ನಿ ಹೊರಹಾಕುವುದು ಕಮ್ಮಿಯಾಗಿರುವುದು. ಅದು ಅಪ್ಪ, ಅಜ್ಜನಿಂದಲೂ ಬಂದಿರಬಹುದು. ಆದ್ದರಿಂದ ಮನೆಯವರನ್ನು "ನಿಮ್ಮ ಬಾಯಿಚಪಲಕ್ಕೇ ಬಂತು" ಅಂತ ಹಂಗಿಸಬೇಡಿ. ಹಾಗೆ ಅನ್ನಿಸಿಕೊಂಡವರು ನೋವನ್ನೇ ಮುಚ್ಚಿಡಲು ಶುರುಮಾಡುತ್ತಾರೆ.

• ರಿಪೋರ್ಟಿನಲ್ಲಿ ಗಂಡಸರಿಗೆ ಹೆಚ್ಚುಕಮ್ಮಿ 7ರವರೆಗೆ, ಹೆಂಗಸರಿಗೆ 6ರವರೆಗೆ ನಾರ್ಮಲ್ ಅಂತ ಅಚ್ಚಾಗಿರುತ್ತದೆ. ಒಂದು ಡೆಸಿಲೀಟರಿಗೆ ಎಷ್ಟು ಮಿಲಿಗ್ರಾಂ ಎಂಬ ಲೆಕ್ಕ ಅದು. ನೀವು ನೆನಪಿಡಬೇಕಾದ ಸಂಖ್ಯೆ ಬೇರೆ: 6.8. ಮೈಯ ಬಿಸಿಯಲ್ಲಿ ರಕ್ತ ಕರಗಿಸಿಟ್ಟುಕೊಳ್ಳಬಲ್ಲದ್ದು ಅಷ್ಟನ್ನೇ. ಅದನ್ನು ದಾಟಿತೆಂದರೆ, ಆರಿದ ಕಾಫಿಗೆ ಹಾಕಿದ ಸಕ್ಕರೆ ಲೋಟದ ತಳದಲ್ಲಿ ಕೂರುವ ಹಾಗೆ, ಹರಳುಗಟ್ಟಿ ಕೀಲಿನಲ್ಲಿ ಕೂರಲು ಅವಕಾಶವಾಗುತ್ತದೆ. ಕಾಲಿನ ಹೆಬ್ಬೆರಳು ಮೈಗಿಂತ ತಣ್ಣಗಿರುವ ಜಾಗ. ಗೌಟ್ ಅಲ್ಲೇ ಮೊದಲು ಕಾಣುವುದಕ್ಕೆ ಅದೂ ಒಂದು ಕಾರಣ.

ಒಮ್ಮೆ ಗೌಟ್ ಬಂದು ಔಷಧಿ ಶುರುವಾದವರ ಗುರಿ 6ಕ್ಕಿಂತ ಕೆಳಗೆ. ಕಿವಿ, ಮೊಣಕೈ, ಬೆರಳಿನಲ್ಲಿ ಗಂಟು ಕಟ್ಟಿದವರಿಗೆ ಡಾಕ್ಟರು 5ಕ್ಕಿಂತ ಕೆಳಗೆ ಇಳಿಸಲು ನೋಡುತ್ತಾರೆ. ಹಾಗಾಗಿ ಗೌಟ್ ಇರುವವರ ರಿಪೋರ್ಟಿನಲ್ಲಿ 6.9 ಇದ್ದು, ಪಕ್ಕದಲ್ಲಿ ನಾರ್ಮಲ್ ಅಂತ ಬರೆದಿದ್ದರೂ, ಅದು ಅವರಿಗೆ ನಾರ್ಮಲ್ ಅಲ್ಲ. ಲ್ಯಾಬಿನವರ ಅಂಚು ಊರಿಗೆಲ್ಲ ಒಂದೇ. ನಿಮ್ಮ ಗುರಿಯನ್ನು ಡಾಕ್ಟರ ಹತ್ತಿರ ಕೇಳಿ ಫೈಲಿನ ಮೇಲೆ ಬರೆದುಕೊಳ್ಳಿ.

• ನೋವಿಲ್ಲ, ಊತವಿಲ್ಲ, ಕಿಡ್ನಿಯಲ್ಲಿ ಕಲ್ಲಿಲ್ಲ, ಹೆಲ್ತ್ ಚೆಕಪ್ಪಿನಲ್ಲಿ ಬರೀ 7.8 ಅಂತ ಬಂದಿದೆ. ಇಂಥವರಲ್ಲಿ ಹೆಚ್ಚಿನವರಿಗೆ ಗೌಟ್ ಬರುವುದೇ ಇಲ್ಲ. ಇಂಥವರಿಗೆ ಯೂರಿಕ್ ಆಸಿಡ್ ಇಳಿಸುವ ಮಾತ್ರೆ ಶುರುಮಾಡಬೇಡಿ ಅಂತಲೇ ಅಮೆರಿಕದ ಕೀಲುರೋಗ ತಜ್ಞರ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಪಕ್ಕದ ಮನೆಯವರು ನುಂಗುತ್ತಾರೆ ಅಂತ ನೀವೂ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದುಕೊಳ್ಳಬೇಡಿ. ಆ ಸಂಖ್ಯೆ ನಿಮ್ಮಿಂದ ಕೇಳುವುದು ಬೇರೆ ಕೆಲಸ: ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ಕ್ರಿಯಾಟಿನಿನ್ ನೋಡಿಸಿ. ಯೂರಿಕ್ ಆಸಿಡ್ ಏರಿದವರಲ್ಲಿ ಇವುಗಳಲ್ಲಿ ಯಾವುದಾದರೊಂದು ಎಡವಟ್ಟಾಗಿರುವುದು ಸಾಮಾನ್ಯ, ಮತ್ತು ಜೀವಕ್ಕೆ ಹೆಚ್ಚು ಅಪಾಯ ಅವುಗಳಿಂದಲೇ.

• ಮೈಯಲ್ಲಿ ಎಲ್ಲಿ ನೋವು ಬಂದರೂ ಯೂರಿಕ್ ಆಸಿಡ್ ಅನ್ನಬೇಡಿ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿ ಚುಚ್ಚಿ, ನಾಲ್ಕು ಹೆಜ್ಜೆ ನಡೆದ ಮೇಲೆ ಸಡಿಲವಾದರೆ, ಅದು ಸಾಮಾನ್ಯವಾಗಿ ಅಂಗಾಲಿನ ಪಟ್ಟಿಯ ನೋವು. ಮೆಟ್ಟಿಲು ಹತ್ತುವಾಗ ಎರಡೂ ಮಂಡಿ ಹಿಡಿದುಕೊಳ್ಳುವುದು ಹೆಚ್ಚಾಗಿ ಸವೆತ. ಸೊಂಟನೋವಿಗೂ ಯೂರಿಕ್ ಆಸಿಡ್‌ಗೂ ನಂಟು ಬಹಳ ಅಪರೂಪ. ಗೌಟ್ ಬರುವ ರೀತಿಯೇ ಬೇರೆ. ರಾತ್ರಿ ಮಲಗುವಾಗ ಚೆನ್ನಾಗಿದ್ದ ಕಾಲು ನಡುರಾತ್ರಿ ಎಬ್ಬಿಸುತ್ತದೆ. ಹೆಬ್ಬೆರಳಿನ ಬುಡ, ಕಾಲಗಿಣ್ಣು ಅಥವಾ ಮಂಡಿ, ಸಾಮಾನ್ಯವಾಗಿ ಒಂದೇ ಕೀಲು, ಕೆಂಪಾಗಿ ಊದಿ, ಚರ್ಮ ಮಿರಮಿರ ಮಿಂಚುತ್ತದೆ. ಹೊದಿಕೆಯ ಅಂಚು ಸೋಕಿದರೂ ತಡೆಯಲಾಗುವುದಿಲ್ಲ. ನಮ್ಮ ಯಜಮಾನರಿಗೆ ಬಂದಾಗ ದುಪ್ಪಟಿ ಕಾಲಿಗೆ ತಾಗದಂತೆ ಮಂಚದ ಕೊನೆಗೆ ಒಂದು ಸ್ಟೂಲಿಟ್ಟು ಅದರ ಮೇಲೆ ಹೊದಿಸುತ್ತಿದ್ದೆ. ಪಕ್ಕದಲ್ಲಿ ಯಾರಾದರೂ ಜೋರಾಗಿ ನಡೆದರೆ ನೆಲದ ಅದುರಿಗೂ ಹಲ್ಲು ಕಚ್ಚುತ್ತಿದ್ದರು.

• ಅಂಥ ರಾತ್ರಿ ಎಣ್ಣೆ ಹಚ್ಚಿ ತಿಕ್ಕಬೇಡಿ, ಬಿಸಿನೀರಿನ ಶಾಖ ಕೊಡಬೇಡಿ. ಐಸನ್ನು ತೆಳು ಬಟ್ಟೆಯಲ್ಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ ಇಡಿ, ಬಿಟ್ಟು ಮತ್ತೆ ಇಡಿ. ಕಾಲನ್ನು ದಿಂಬಿನ ಮೇಲೆ ಎತ್ತರಿಸಿ. ಡಾಕ್ಟರು ಮೊದಲೇ ಬರೆದುಕೊಟ್ಟ ಔಷಧಿ ಮನೆಯಲ್ಲಿದ್ದರೆ ಬೇಗ ಶುರುಮಾಡಿ. ಮೊದಲ ದಿನವೇ ತೆಗೆದುಕೊಂಡರೆ ಕೇಳುವಷ್ಟು ಚೆನ್ನಾಗಿ ಮೂರನೆಯ ದಿನ ಕೇಳುವುದಿಲ್ಲ.

• ಇನ್ನೊಂದು ಮಾತು, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಊದಿದ ಕೀಲಿನ ಜೊತೆ ಚಳಿಜ್ವರ ಬಂದರೆ, ಅಥವಾ ಊದಿದ್ದು ಸಕ್ಕರೆ ಕಾಯಿಲೆಯವರ ಪಾದವಾದರೆ, ಗೌಟ್ ಅಂತ ಮನೆಯಲ್ಲೇ ತೀರ್ಮಾನಿಸಿ ಕೂರಬೇಡಿ. ಕೀಲಿನೊಳಗೆ ಕೀವು ತುಂಬಿದರೂ ಹೀಗೆಯೇ ಕಾಣುತ್ತದೆ, ಮತ್ತು ಅದು ಕೆಲವೇ ದಿನಗಳಲ್ಲಿ ಕೀಲನ್ನು ತಿಂದುಹಾಕುತ್ತದೆ. ಅವತ್ತೇ ಆಸ್ಪತ್ರೆಗೆ ಹೋಗಿ. ಸಂಶಯ ಬಂದರೆ ಸೂಜಿಯಲ್ಲಿ ಕೀಲಿನ ನೀರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಗೌಟ್ ಆಗಿದ್ದರೆ ಸೂಜಿಯಾಕಾರದ ಹರಳು ಕಾಣುತ್ತದೆ. ಆ ಪರೀಕ್ಷೆಗೆ ಹೆದರಿ ಬೇಡ ಅನ್ನಬೇಡಿ.

• ನೋವಿನ ಹೊತ್ತಿನಲ್ಲಿ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಯೂರಿಕ್ ಆಸಿಡ್ ನಾರ್ಮಲ್ ಬರಬಹುದು. ಅದರಿಂದ ಗೌಟ್ ಇಲ್ಲ ಅಂತ ಆಗುವುದಿಲ್ಲ. ನೋವು ಇಳಿದು ಎರಡು ಮೂರು ವಾರ ಕಳೆದ ಮೇಲೆ ಮತ್ತೆ ಮಾಡಿಸಿ.

• ನೋವಿನ ಮಾತ್ರೆಯನ್ನು ಚೀಟಿಯಿಲ್ಲದೆ ತಂದು ನುಂಗುವ ಅಭ್ಯಾಸ ನನ್ನನ್ನು ಬಹಳ ಕಾಡಿದ ಸಂಗತಿ. ಡೈಕ್ಲೊಫೆನಾಕ್, ಎಟೊರಿಕಾಕ್ಸಿಬ್, ನ್ಯಾಪ್ರಾಕ್ಸೆನ್ ಕೆಟ್ಟ ಔಷಧಿಗಳಲ್ಲ, ಗೌಟಿನ ನೋವಿಗೆ ಡಾಕ್ಟರೇ ಕೊಡುತ್ತಾರೆ. ಆದರೆ ಕಿಡ್ನಿ ಸೊರಗಿದವರಿಗೆ, ಹೃದಯದ ತೊಂದರೆ ಇರುವವರಿಗೆ, ಹೊಟ್ಟೆಯಲ್ಲಿ ಹುಣ್ಣಿರುವವರಿಗೆ ಇವು ಆಗಿಬರುವುದಿಲ್ಲ. ಯೂರಿಕ್ ಆಸಿಡ್ ಏರಿದವರ ಕಿಡ್ನಿ ಮೊದಲೇ ಸೊರಗಿರುವ ಸಾಧ್ಯತೆ ಇದೆ. ತಿಂಗಳುಗಟ್ಟಲೆ ಈ ಮಾತ್ರೆ ನುಂಗಿ ಕಿಡ್ನಿಯನ್ನು ಇನ್ನಷ್ಟು ಹಾಳುಮಾಡಿಕೊಂಡರೆ ಯೂರಿಕ್ ಆಸಿಡ್ ಹೋಗುವ ದಾರಿಯೇ ಮುಚ್ಚಿಕೊಳ್ಳುತ್ತದೆ.

ನಮ್ಮ ಮಂಡ್ಯದ ಪಕ್ಕದ ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದುಗಳ ಧಾಮವಿದೆ, 2012ರಲ್ಲಿ ಘೋಷಿಸಿದ್ದು. ದೇಶದಲ್ಲೆಲ್ಲ ರಣಹದ್ದು ಅಳಿದದ್ದು ಹೇಗೆ ಅಂತ ಗೊತ್ತೇ? ದನಗಳಿಗೆ ಚುಚ್ಚಿದ ಡೈಕ್ಲೊಫೆನಾಕ್ ಸತ್ತ ದನದ ಮಾಂಸದಿಂದ ಹಕ್ಕಿಯ ಮೈ ಸೇರಿ ಕಿಡ್ನಿ ಕೆಡಿಸುತ್ತಿತ್ತು. ಹೊರಹೋಗದ ಯೂರಿಕ್ ಆಸಿಡ್ ಒಳ ಅಂಗಗಳ ಮೇಲೆ ಬಿಳಿಯಾಗಿ ಹರಳುಗಟ್ಟಿ ಹಕ್ಕಿ ಸಾಯುತ್ತಿತ್ತು. ವಿಜ್ಞಾನಿಗಳು ಅದನ್ನು ಕರೆಯುವುದೂ ಗೌಟ್ ಎಂದೇ. ದನಗಳಿಗೆ ಕೊಡುವ ಡೈಕ್ಲೊಫೆನಾಕನ್ನು ಭಾರತದಲ್ಲಿ 2006ರಲ್ಲಿ ನಿಲ್ಲಿಸಿದರು. ರಣಹದ್ದಿನಷ್ಟು ನಾಜೂಕು ನಮ್ಮ ಮೈಯಲ್ಲ ನಿಜ. ಆದರೂ ಯೂರಿಕ್ ಆಸಿಡ್, ಕಿಡ್ನಿ, ನೋವಿನ ಮಾತ್ರೆ ಈ ಮೂರಕ್ಕೂ ಇರುವ ನಂಟು ಅಷ್ಟು ಹತ್ತಿರದ್ದು ಅಂತ ಮನಸ್ಸಿನಲ್ಲಿರಲಿ.

• ಕಾಲ್ಚಿಸಿನ್ ಗೌಟಿನ ಬಹಳ ಹಳೆಯ ಔಷಧಿ. ಮಾತ್ರೆ ಚಿಕ್ಕದು, ಅಳತೆ ತಪ್ಪಿದರೆ ವಿಷ. ಹೇಳಿದ್ದಕ್ಕಿಂತ ಒಂದೂ ಹೆಚ್ಚು ನುಂಗಬೇಡಿ. ವಾಂತಿ, ಭೇದಿ ಶುರುವಾದರೆ ನಿಲ್ಲಿಸಿ ಡಾಕ್ಟರಿಗೆ ತಿಳಿಸಿ. ಗಂಟಲುನೋವಿಗೋ ಕೆಮ್ಮಿಗೋ ಯಾರಾದರೂ ಕ್ಲಾರಿಥ್ರೊಮೈಸಿನ್ ಬರೆದರೆ, ಕಾಲ್ಚಿಸಿನ್ ತಗೊಳ್ಳುತ್ತಿದ್ದೇನೆ ಅಂತ ಮೊದಲೇ ಹೇಳಿ. ಎರಡೂ ಕೂಡಿದರೆ ಅಪಾಯ. ಇದೇ ಕಾಲ್ಚಿಸಿನ್ ನಮ್ಮ ಬೇಲಿಗಳ ಮೇಲೆ ಮಳೆಗಾಲದಲ್ಲಿ ಹಬ್ಬುವ ಅಗ್ನಿಶಿಖೆಯ ಗೆಡ್ಡೆಯಲ್ಲೂ ಬೀಜದಲ್ಲೂ ಇದೆ. ತಮಿಳುನಾಡಿನಲ್ಲಿ ಇದರ ಬೀಜಕ್ಕಾಗಿಯೇ ಬೆಳೆ ತೆಗೆಯುತ್ತಾರೆ. ಹಾಗಂತ ಗೆಡ್ಡೆ ಅರೆದು ಕುಡಿದವರು ಬದುಕುವುದು ಕಷ್ಟ. ಯಾರು ಎಷ್ಟೇ ನಂಬಿಕೆಯಿಂದ ಹೇಳಿದರೂ ಬೇಡ.

• ಹೆಸರಿಲ್ಲದ ಪೊಟ್ಟಣದ ಪುಡಿಯನ್ನು ತಿಂದ ಮಾರನೆಯ ದಿನವೇ ಎದ್ದು ಓಡಾಡುವಂತಾದರೆ ಸಂತೋಷಪಡಬೇಡಿ, ಅನುಮಾನಪಡಿ. ಅದರಲ್ಲಿ ಸ್ಟೆರಾಯ್ಡ್ ಬೆರೆಸಿರಬಹುದು. ಆಯುರ್ವೇದದಲ್ಲಿ ಚರಕಸಂಹಿತೆಯ ಕಾಲದಿಂದಲೂ ವಾತರಕ್ತ ಎಂಬ ಕಾಯಿಲೆಯ ಚಿಕಿತ್ಸೆ ಇದೆ. ಆ ದಾರಿ ಹಿಡಿಯುವವರು ಓದಿದ ವೈದ್ಯರ ಹತ್ತಿರವೇ ಹೋಗಿ, ರಕ್ತಪರೀಕ್ಷೆಯನ್ನು ಮಾತ್ರ ನಿಲ್ಲಿಸಬೇಡಿ. ಅಮೃತಬಳ್ಳಿಯನ್ನು ತಾವೇ ಕಿತ್ತು ದಿನವೂ ಕಷಾಯ ಕುಡಿದ ಕೆಲವರಿಗೆ ಲಿವರಿಗೆ ಪೆಟ್ಟಾದದ್ದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದ್ದರು.

• ಈಗ ಬಿಡಬಾರದ ಮಾತ್ರೆಯ ವಿಷಯ. ಮತ್ತೆ ಮತ್ತೆ ಗೌಟ್ ಬರುವವರಿಗೆ, ಗಂಟು ಕಟ್ಟಿದವರಿಗೆ, ಎಕ್ಸ್‌ರೇಯಲ್ಲಿ ಗೌಟಿನಿಂದ ಕೀಲು ಸವೆದದ್ದು ಕಂಡವರಿಗೆ ಅಲೊಪ್ಯೂರಿನಾಲ್ ಕೊಡುತ್ತಾರೆ. ಇದು ನೋವಿನ ಮಾತ್ರೆಯಲ್ಲ, ಯೂರಿಕ್ ಆಸಿಡ್ ತಯಾರಾಗುವುದನ್ನೇ ತಗ್ಗಿಸುವ ಮಾತ್ರೆ. ಸಾಮಾನ್ಯವಾಗಿ 100 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆಯಿಂದ ಶುರುಮಾಡಿ, ರಕ್ತಪರೀಕ್ಷೆ ನೋಡಿಕೊಂಡು ಏರಿಸುತ್ತಾ ಹೋಗುತ್ತಾರೆ. "100ರಿಂದ 200, 200ರಿಂದ 300 ಮಾಡಿದರು, ಕಾಯಿಲೆ ಜಾಸ್ತಿ ಆಗಿರಬೇಕು" ಅಂತ ಕಿಟಕಿಯ ಮುಂದೆ ಕಣ್ಣೀರು ಹಾಕಿದವರಿದ್ದಾರೆ. ಅದು ಗುರಿ ಮುಟ್ಟಿಸುವ ಕ್ರಮ ಅಷ್ಟೇ.

ಶುರುಮಾಡಿದ ಮೊದಲ ತಿಂಗಳುಗಳಲ್ಲಿ ಗೌಟ್ ಮತ್ತೆ ಕೆರಳಬಹುದು. ಕೂತಿದ್ದ ಹರಳು ಕರಗಿ ಕದಲುವಾಗ ಹಾಗಾಗುತ್ತದೆ. ಅದಕ್ಕೆಂದೇ ಮೂರರಿಂದ ಆರು ತಿಂಗಳು ಸಣ್ಣ ಪ್ರಮಾಣದ ಕಾಲ್ಚಿಸಿನನ್ನೋ ಬೇರೇನನ್ನೋ ಜೊತೆಗೆ ಕೊಡುತ್ತಾರೆ. "ಈ ಮಾತ್ರೆಯಿಂದಲೇ ನೋವು ಬಂತು" ಅಂತ ಅಲ್ಲಿಗೇ ಬಿಟ್ಟವರು ಬಹಳ ಮಂದಿ, ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ನೋವಿದ್ದರೂ ನುಂಗುತ್ತಿರಿ, ನೋವಿಲ್ಲದಿದ್ದರೂ ನುಂಗುತ್ತಿರಿ. ಒಂದಕ್ಕೆ ಮಾತ್ರ ಕೂಡಲೇ ನಿಲ್ಲಿಸಿ: ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು, ಕಣ್ಣು ಕೆಂಪು, ಜ್ವರ ಕಂಡರೆ. ಅಪರೂಪಕ್ಕೆ ಬರುವ ಆ ಅಲರ್ಜಿ ಪ್ರಾಣಕ್ಕೇ ಕುತ್ತು ತರುವಂಥದ್ದು, ಅವತ್ತೇ ಆಸ್ಪತ್ರೆಯಲ್ಲಿರಬೇಕು. ಫೆಬುಕ್ಸೊಸ್ಟಾಟ್ ಎಂಬ ಇನ್ನೊಂದು ಮಾತ್ರೆಯೂ ಇದೆ. ಹೃದಯದ ಕಾಯಿಲೆ ಇರುವವರು ಅದನ್ನು ಬರೆಯುವಾಗಲೇ ಡಾಕ್ಟರಿಗೆ ನೆನಪಿಸಿ.

• ಕಿಡ್ನಿ ಕಸಿ ಮಾಡಿಸಿಕೊಂಡವರು, ಅಜಾಥಯೊಪ್ರಿನ್ ಎಂಬ ಮಾತ್ರೆ ತಗೊಳ್ಳುವವರು ಇದನ್ನು ಎರಡು ಸಲ ಓದಿ. ಅಲೊಪ್ಯೂರಿನಾಲನ್ನು ರೂಪಿಸಿದವರು ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್. 1988ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಪಿಎಚ್‌ಡಿ ಪೂರೈಸದೆಯೇ ಅಷ್ಟು ದೊಡ್ಡ ಕೆಲಸ ಮಾಡಿದ ಎಲಿಯನ್ ಎಂಬ ಆ ಹೆಣ್ಣುಮಗಳ ಮೇಲೆ ನನಗೆ ತುಂಬ ಗೌರವ. ಅವರು ಅಲೊಪ್ಯೂರಿನಾಲಿನ ಬೆನ್ನು ಹತ್ತಿದ್ದು ಗೌಟಿಗಾಗಿ ಅಲ್ಲ, ರಕ್ತದ ಕ್ಯಾನ್ಸರಿಗೆ ಕೊಡುವ ಮರ್ಕ್ಯಾಪ್ಟೊಪ್ಯೂರಿನ್ ಮೈಯಲ್ಲಿ ಬೇಗ ಒಡೆಯದಂತೆ ತಡೆಯಲು. ಅಜಾಥಯೊಪ್ರಿನ್ ಮೈಯೊಳಗೆ ಮಾರ್ಪಡುವುದು ಆ ಮರ್ಕ್ಯಾಪ್ಟೊಪ್ಯೂರಿನ್ನಾಗಿಯೇ. ಅಲೊಪ್ಯೂರಿನಾಲ್, ಅಜಾಥಯೊಪ್ರಿನ್ ಎರಡೂ ಒಟ್ಟಿಗೆ ಬಿದ್ದರೆ ಮರ್ಕ್ಯಾಪ್ಟೊಪ್ಯೂರಿನ್ ಮೈಯಲ್ಲಿ ಏರಿ ರಕ್ತಕಣಗಳು ಕುಸಿಯುತ್ತವೆ. ನಿಮ್ಮ ಹಳೆಯ ಚೀಟಿಗಳನ್ನೆಲ್ಲ ತೋರಿಸದೆ ಅಲೊಪ್ಯೂರಿನಾಲ್ ಶುರುಮಾಡಬೇಡಿ.

• ಬೇಳೆ ತಿನ್ನಿ. 2004ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಹ್ಯೋನ್ ಚೋಯ್ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ 47,150 ಗಂಡಸರ ಊಟವನ್ನೂ ಆರೋಗ್ಯವನ್ನೂ 12 ವರ್ಷ ಗಮನಿಸಿದ್ದರು. ಮಾಂಸ, ಮೀನು ಹೆಚ್ಚು ತಿಂದವರಲ್ಲಿ ಗೌಟ್ ಹೆಚ್ಚಿತ್ತು. ಬಟಾಣಿ, ಕಾಳು, ಪಾಲಕ್, ಅಣಬೆಯಂಥ ಪ್ಯೂರಿನ್ ಇರುವ ತರಕಾರಿ ತಿಂದವರಲ್ಲಿ ಹೆಚ್ಚಿರಲಿಲ್ಲ. ಹಾಲಿನ ಪದಾರ್ಥ ತಿಂದವರಲ್ಲಿ ಕಮ್ಮಿಯೇ ಇತ್ತು. ಹೀಗಿರುವಾಗ ಡಿಸೆಂಬರಿನಲ್ಲಿ ಮನೆಮಂದಿಯೆಲ್ಲ ಹಿದುಕಿದ ಅವರೆಬೇಳೆ ಸಾರು ಉಣ್ಣುತ್ತಿದ್ದರೆ, ವಯಸ್ಸಾದ ಒಬ್ಬರನ್ನು ಮಾತ್ರ ಗಂಜಿಗೆ ಕೂರಿಸುವುದು ನ್ಯಾಯವಲ್ಲ. ಬಸ್ಸಾರು, ಹುಳಿ, ಸೊಪ್ಪಿನ ಪಲ್ಯ ಬಡಿಸಿ. ಮುದ್ದೆಗೆ ಯಾವ ಅಡ್ಡಿಯೂ ಇಲ್ಲ. ಮೊಸರು, ಕೆನೆ ತೆಗೆದ ಹಾಲು, ಮಜ್ಜಿಗೆ ಒಳ್ಳೆಯದು. ಕಾಫಿಯನ್ನೂ ಬಿಡಬೇಕಿಲ್ಲ, ಸಕ್ಕರೆ ಕಮ್ಮಿ ಮಾಡಿ. ಕಿಡ್ನಿ ಕಾಯಿಲೆ ಮುಂದುವರಿದವರಿಗೆ ಬೇಳೆಯ ಲೆಕ್ಕ ಬೇರೆ, ಅದನ್ನು ಕಿಡ್ನಿ ಡಾಕ್ಟರೇ ಹೇಳಬೇಕು.

ಎಷ್ಟೇ ಕಟ್ಟುನಿಟ್ಟಾದ ಪಥ್ಯ ಮಾಡಿದರೂ ಯೂರಿಕ್ ಆಸಿಡ್ ಸಾಮಾನ್ಯವಾಗಿ 1 ಮಿಲಿಗ್ರಾಂ ಸುತ್ತಮುತ್ತ ಇಳಿಯುತ್ತದೆ. 9.5 ಇರುವವರನ್ನು ಪಥ್ಯವೊಂದೇ 6ಕ್ಕೆ ತರುವುದು ಕಷ್ಟ.

• ನಮ್ಮ ಮಂಡ್ಯ ಸೀಮೆಯಲ್ಲಿ ಬೀಗರೂಟ ಮುಗಿದ ರಾತ್ರಿ ಗೌಟ್ ಕೆರಳುವುದು ಹೊಸದೇನಲ್ಲ. ತಲೆಮಾಂಸ, ಲಿವರ್, ಬೋಟಿ, ಗುಂಡಿಗೆ, ಕಾಲುಸೂಪು ಇವುಗಳಲ್ಲಿ ಪ್ಯೂರಿನ್ ಹೆಚ್ಚು. ಮಾಂಸ ಬೇಯುವಾಗ ಪ್ಯೂರಿನ್ ನೀರಿಗೆ ಇಳಿಯುತ್ತದೆ, ಆದ್ದರಿಂದ "ಚೂರು ಬೇಡ, ಬರೀ ಸೂಪು ಕುಡಿಯುತ್ತೇನೆ" ಅನ್ನುವುದು ತಪ್ಪು ಲೆಕ್ಕ. ಸೂಪು ಬಿಟ್ಟು ಒಂದೆರಡು ಚೂರು ತಿನ್ನಿ, ವಾಸಿ. ಕರಾವಳಿಯವರು ಬೂತಾಯಿ, ಬಂಗುಡೆ, ಸಿಗಡಿಯಲ್ಲಿ ಕೈಹಿಡಿತವಿರಲಿ. ಮೊಟ್ಟೆಗೆ ತಡೆಯಿಲ್ಲ.

• ಸಿಹಿಯ ಬಗ್ಗೆ ಯಾರೂ ಎಚ್ಚರಿಸುವುದೇ ಇಲ್ಲ. ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್. ಅದು ಲಿವರಿನಲ್ಲಿ ಕರಗುವಾಗ ಯೂರಿಕ್ ಆಸಿಡ್ ಹುಟ್ಟುತ್ತದೆ. ಬೇಳೆ ಬಿಟ್ಟು ದಿನಾ ಒಂದು ಬಾಟಲಿ ಕೂಲ್‌ಡ್ರಿಂಕ್ಸ್ ಕುಡಿಯುವ ಹುಡುಗರಿಗೆ ಇದನ್ನು ಕೂರಿಸಿ ಹೇಳಿ. ಪ್ಯಾಕೆಟ್ ಜ್ಯೂಸ್, ಜೇನು, ಬೆಲ್ಲ, ಕಬ್ಬಿನಹಾಲಿಗೂ ಇದೇ ಮಾತು. ಆಲೆಮನೆಯ ಊರಿನಲ್ಲಿ ಬೆಲ್ಲವನ್ನು ಬೈಯುವುದು ನನಗೂ ಸಂಕಟ, ಆದರೆ ಬೆಲ್ಲ ನಿರಪಾಯ ಅನ್ನುವುದು ಸುಳ್ಳು. ಹಣ್ಣನ್ನು ಹಾಗೇ ತಿನ್ನಿ, ರಸ ಹಿಂಡಬೇಡಿ.

• ಕುಡಿತದಲ್ಲಿ ಬಿಯರ್ ಎಲ್ಲಕ್ಕಿಂತ ಕೆಟ್ಟದ್ದು, ಆಮೇಲೆ ವಿಸ್ಕಿ, ಬ್ರಾಂದಿ. ನೋವಿರುವಾಗ ಒಂದು ಗುಟುಕೂ ಬೇಡ.

• ತೂಕ ಇಳಿಸಿ, ನಿಧಾನವಾಗಿ ಇಳಿಸಿ. ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿ ಕೂತರೆ ಕೊಬ್ಬು ಕರಗುವಾಗ ಬರುವ ಕೀಟೋನ್‌ಗಳಿಂದ ಕಿಡ್ನಿ ಯೂರಿಕ್ ಆಸಿಡನ್ನು ಒಳಗೇ ಉಳಿಸಿಕೊಳ್ಳುತ್ತದೆ. ಏಕಾದಶಿಗೋ ಶಿವರಾತ್ರಿಗೋ ನೀರನ್ನೂ ಬಿಟ್ಟು ಉಪವಾಸ ಮಾಡುವ ಗೌಟಿನವರು ನೀರು, ಹಾಲು, ಹಣ್ಣು ತೆಗೆದುಕೊಂಡೇ ಮಾಡಿ. ಬಿಸಿಲಿನಲ್ಲಿ ದುಡಿದ ದಿನ, ರಾತ್ರಿ ಬಸ್ಸಿನಲ್ಲಿ ಮೂತ್ರಕ್ಕೆ ಹೆದರಿ ನೀರು ಬಿಟ್ಟ ದಿನ, ಆಪರೇಷನ್ ಆದ ವಾರ ಇವೂ ಗೌಟ್ ಕೆರಳುವ ಹೊತ್ತುಗಳೇ.

• ಬಿಪಿಯ ಮಾತ್ರೆಗಳನ್ನು ಒಮ್ಮೆ ಪರಿಶೀಲಿಸಿಕೊಳ್ಳಿ. ಮೂತ್ರ ಹೆಚ್ಚಿಸುವ ಹೈಡ್ರೊಕ್ಲೋರೊಥಯಝೈಡ್, ಕ್ಲೋರ್ಥಾಲಿಡೋನ್, ಫ್ಯೂರೊಸೆಮೈಡ್ ಯೂರಿಕ್ ಆಸಿಡ್ ಏರಿಸುತ್ತವೆ. ಲೊಸಾರ್ಟಾನ್ ಸ್ವಲ್ಪ ಇಳಿಸುತ್ತದೆ. ಬದಲಿಸಬಹುದೇ ಅಂತ ಡಾಕ್ಟರನ್ನು ಕೇಳಿ, ತಾವಾಗಿ ನಿಲ್ಲಿಸಬೇಡಿ. ಹೃದಯಕ್ಕೆ ಬರೆದ ಸಣ್ಣ ಆಸ್ಪಿರಿನ್ ಕೂಡ ಸ್ವಲ್ಪ ಏರಿಸುತ್ತದೆ, ಆದರೂ ಅದು ಬೇಕೇ ಬೇಕು.

• ಹೆಂಗಸರೇ, ಇದು ಗಂಡಸರ ಕಾಯಿಲೆ ಅಂತ ಉದಾಸೀನ ಮಾಡಬೇಡಿ. ಮುಟ್ಟು ನಿಲ್ಲುವವರೆಗೆ ಈಸ್ಟ್ರೊಜೆನ್ ಕಾಯುತ್ತದೆ. ನಿಂತ ಮೇಲೆ, ಅದರಲ್ಲೂ ಬಿಪಿಗೆ ಮೂತ್ರದ ಮಾತ್ರೆ ನುಂಗುವವರಿಗೆ, ಕೈಬೆರಳಿನ ಗೆಣ್ಣುಗಳಲ್ಲೂ ಗೌಟ್ ಬರುತ್ತದೆ. ಅದನ್ನು ಬರೀ ವಯಸ್ಸಿನ ಸವೆತ ಅಂದುಕೊಂಡು ಸಹಿಸಿಕೊಳ್ಳುವವರು ಬಹಳ.

• ಗಂಟುಗಳನ್ನು ಚುಚ್ಚಿ ಸುಣ್ಣದಂಥ ಬಿಳಿಯದನ್ನು ಹಿಂಡಬೇಡಿ, ಗಾಯ ಬೇಗ ಮಾಯುವುದಿಲ್ಲ. ಯೂರಿಕ್ ಆಸಿಡ್ ವರ್ಷಗಟ್ಟಲೆ ಕೆಳಗಿದ್ದರೆ ಅವು ತಾವಾಗಿ ಕರಗುತ್ತವೆ.

• ಕಿಡ್ನಿಯಲ್ಲಿ ಆಗುವ ಯೂರಿಕ್ ಆಸಿಡ್ ಕಲ್ಲು ಬರೀ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಸ್ಕ್ಯಾನಿಂಗ್ ಬೇಕು. ಮೂತ್ರದ ಹುಳಿ ತಗ್ಗಿಸುವ ಪೊಟ್ಯಾಸಿಯಂ ಸಿಟ್ರೇಟ್‌ನಿಂದ ಆಪರೇಷನ್ ಇಲ್ಲದೆ ಕರಗಿಸಲು ಆಗುವ ಕಲ್ಲು ಇದು. ಬಾಳೆದಿಂಡಿನ ಪಲ್ಯ ಧಾರಾಳವಾಗಿ ತಿನ್ನಿ, ಅದನ್ನೇ ನಂಬಿ ಔಷಧಿ ಬಿಡಬೇಡಿ. ದಿನಕ್ಕೆ ಎರಡು ಎರಡೂವರೆ ಲೀಟರ್ ಮೂತ್ರ ಆಗುವಷ್ಟು ನೀರು ಕುಡಿಯಿರಿ. ಹೃದಯ ಅಥವಾ ಕಿಡ್ನಿಯ ಕಾರಣಕ್ಕೆ ನೀರಿನ ಮಿತಿ ಹೇಳಿಸಿಕೊಂಡವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ.

• ಟಿಬಿಗೆ ಔಷಧಿ ತಗೊಳ್ಳುತ್ತಿರುವವರಿಗೆ ಮೊದಲ ತಿಂಗಳುಗಳಲ್ಲಿ ಕೀಲುನೋವು ಬಂದು ಯೂರಿಕ್ ಆಸಿಡ್ ಏರಿರುವುದು ಸಾಮಾನ್ಯ. ಪೈರಜಿನಮೈಡ್ ಎಂಬ ಮಾತ್ರೆಯ ಗುಣ ಅದು, ಅದರ ಕೋರ್ಸ್ ಮುಗಿದ ಮೇಲೆ ಇಳಿಯುತ್ತದೆ. ನೋವಿಗೆ ಡಾಕ್ಟರು ಬೇರೆ ಮಾತ್ರೆ ಕೊಡುತ್ತಾರೆ. ಇದಕ್ಕೆ ಹೆದರಿ ಟಿಬಿ ಔಷಧಿಯನ್ನು ಒಂದು ದಿನವೂ ತಪ್ಪಿಸಬೇಡಿ.